‘ಕಟ್ಟದ ಬಳಿ ಗಲಾಟೆ’: ಹಳೇ ವಾರಪತ್ರಿಕೆಗಳಲ್ಲಿ ಒಂದೇ ಶಬ್ದದ ಹಿಂದೆ ಹೋದ ಪ್ರಕರಣ

ಇದರಲ್ಲಿ ಯಾರ ಹೆಸರೂ ಹಾಕಿಲ್ಲ, ಉಡುಪಿ ಹತ್ತಿರದ ಒಂದು ಊರು ಅಂತ ಮಾತ್ರ ಇಟ್ಕೊಳ್ಳಿ. ಪತ್ರಿಕೆಗಳ ಹೆಸರನ್ನೂ ಬೇಕಂತಲೇ ಬಿಟ್ಟಿದ್ದೇನೆ, ಅದು ಹೇಳಿದ್ರೆ ಕೊಟ್ಟ ಮನೆ ಯಾವುದು ಅಂತ ಊರಲ್ಲಿ ಗೊತ್ತಾಗಿ ಬಿಡ್ತದೆ. ಹಳೇ ಪೇಪರು, ವಾರಪತ್ರಿಕೆ ಇಟ್ಕೊಂಡು ಶಬ್ದ ಹುಡುಕುವ ಕೆಲಸ ಈಗ ಬೇರೆ ಬೇರೆ ಕಡೆ ಶುರುವಾಗಿದೆ, ಅವರಿಗೆ ಉಪಯೋಗ ಆಗ್ಲಿ ಅಂತ, ‘ಕಟ್ಟು’ ಅನ್ನುವ ಒಂದು ಶಬ್ದದ ಹಿಂದೆ ಹೋದಾಗ ನಮ್ಮಲ್ಲಿ ಎಲ್ಲಿ ತಪ್ಪಿತು, ಎಲ್ಲಿ ದಾರಿ ಸಿಕ್ಕಿತು ಅನ್ನೋದನ್ನು ಬರೀತಿದ್ದೇನೆ.

ಒಬ್ಬರು ಹಿರಿಯರು ತೀರಿಕೊಂಡ ಮೇಲೆ ಅವರ ಮನೆಯ ಅಟ್ಟದಿಂದ ಏಳು ಕಟ್ಟು ಪತ್ರಿಕೆ ಇಳಿಸಿದ್ರು. ಹೆಚ್ಚಿನವು ಸುದ್ದಿಯ ವಾರಪತ್ರಿಕೆಗಳು, 1950ರ ನಂತರದಿಂದ 80ರ ಶುರುವಿನವರೆಗಿನವು, ನಡುನಡುವೆ ಸುಮಾರು ಸಂಚಿಕೆ ಇಲ್ಲ. ತೆಂಗಿನ ನಾರಿನ ಹಗ್ಗ ಹಾಕಿ ಬಿಗಿದದ್ದು, ಮೇಲಿನ ಎರಡು ಕಟ್ಟು ಒರಲೆ ತಿಂದಾಗಿತ್ತು, ಕೆಳಗಿನದ್ದರಲ್ಲಿ ನಲವತ್ತು ಮಳೆಗಾಲದ ತೇವಕ್ಕೆ ಪುಟಕ್ಕೆ ಪುಟ ಕಚ್ಚಿಕೊಂಡು ಹಪ್ಪಳದ ಹಾಗೆ ಆಗಿತ್ತು. ಬಿಸಿಲಿಗೆ ಹಾಕಿದ್ರೆ ಪುಡಿ ಆಗ್ತದೆ ಅಂತ ಮನೆ ಚಾವಡಿಯಲ್ಲಿ ಫ್ಯಾನಿನ ಕೆಳಗೆ ಹರಡಿ, ತುಕ್ಕು ಹಿಡಿದ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಬೆಣ್ಣೆ ಕಾಗದ ನಡುವೆ ಇಟ್ಟು ಬಿಡಿಸಿದ್ದು. ಅದಕ್ಕೇ ಒಂದು ತಿಂಗಳು ಹೋಯ್ತು.

ನಾವು ಮೂರು ಜನ. ನಾನು, ಒಬ್ಬರು ರಿಟೈರ್ಡ್ ಕನ್ನಡ ಮಾಷ್ಟ್ರು, ಮತ್ತೆ ಇಲ್ಲಿ ಎಂಎ ಮಾಡ್ತಿದ್ದ ದಾವಣಗೆರೆ ಕಡೆಯ ಒಬ್ಬಳು ಹುಡುಗಿ. ಮಂಗಳೂರಿನಲ್ಲೇ ಕನ್ನಡದ ಮೊದಲ ಪತ್ರಿಕೆ ಬಂದದ್ದು, 1843ರ ಜುಲೈ 1ಕ್ಕೆ, ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’, ಕಲ್ಲಚ್ಚಿನಲ್ಲಿ ಹದಿನೈದು ದಿವಸಕ್ಕೊಮ್ಮೆ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಇಂಥ ನೆಲದಲ್ಲಿ ಕೂತು ಊರಿನ ಪತ್ರಿಕೆಯ ಕನ್ನಡ ಹೇಗಿತ್ತು ಅಂತ ನೋಡದೆ ಇದ್ರೆ ಹೇಗೆ ಅಂತ ಮಾಷ್ಟ್ರ ಹಠ. ಮೊದಲಿಗೆ ಮೂವತ್ತು ಸಾಮಾನ್ಯ ಶಬ್ದ ಆರಿಸಿ, ಅವು ಬಂದ ಸಾಲುಗಳನ್ನೆಲ್ಲ ಚೀಟಿಗೆ ಇಳಿಸುವುದು ಅಂತ ತೀರ್ಮಾನ ಮಾಡಿದೆವು. ಎರಡು ತಿಂಗಳಾದ ಮೇಲೆ ನೋಡಿದ್ರೆ ಇಪ್ಪತ್ತೊಂಬತ್ತು ಶಬ್ದಗಳ ಚೀಟಿ ಸಣ್ಣ ಸಣ್ಣ ಕಂತೆ, ಒಂದೇ ಒಂದು ಶಬ್ದದ ಚೀಟಿ ಮಾತ್ರ ಮೂರು ಚಪ್ಪಲಿ ಡಬ್ಬಿ ತುಂಬಿ ಹೊರಗೆ ಬರ್ತಿತ್ತು, ಅದು ‘ಕಟ್ಟು’. ಉಳಿದದ್ದನ್ನು ಬದಿಗಿಟ್ಟು ಇದೊಂದನ್ನೇ ಹಿಡಿಯುವ ಅಂತ ಅಲ್ಲಿಗೇ ನಿರ್ಧಾರ ಆಯ್ತು. ಮಾಷ್ಟ್ರಿಗೆ ಅದು ಬೇಜಾರಾಯ್ತು, ಮೂವತ್ತು ಹೇಳಿ ಒಂದಕ್ಕೆ ಬರುವುದಾ ಅಂತ, ಆದ್ರೆ ನನಗೆ ಈಗಲೂ ಅದು ಸರಿಯಾದ ನಿರ್ಧಾರವೇ.

ಅದರೊಳಗೆ ಎಂತೆಲ್ಲ ಇತ್ತು ಗೊತ್ತುಂಟಾ. ಶಾಲೆಗೆ ಕೋಣೆ ಕಟ್ಟಿಸಿದ ದಾನಿ, ತೀರ್ವೆ (ಭೂಮಿಯ ಕಂದಾಯ) ಕಟ್ಟದವರಿಗೆ ನೋಟೀಸು, ಚುನಾವಣೆಗೆ ಠೇವಣಿ ಕಟ್ಟಿದವರು, ಪಕ್ಷ ಕಟ್ಟಲು ಊರೂರು ತಿರುಗಿದ ಲೀಡರು, ಸೊಂಟ ಕಟ್ಟಿ ನಿಂತ ಯುವಕ ಮಂಡಲ. ಜಾಹೀರಾತು ತೆಗೆದ್ರೆ ಹಲ್ಲು ಕಟ್ಟಿಸಿಕೊಳ್ಳಿ ಅಂತ ದಂತವೈದ್ಯರದ್ದು, ಬಸ್ಸಿನ ಬಾಡಿ ಕಟ್ಟಿಕೊಡ್ತೇವೆ ಅಂತ ಮಂಗಳೂರಿನ ವರ್ಕ್‌ಶಾಪಿನದ್ದು, ಫೋಟೋಗೆ ಕಟ್ಟು ಹಾಕಿಕೊಡ್ತೇವೆ ಅಂತ ಗ್ಲಾಸಿನ ಅಂಗಡಿಯದ್ದು. ಆಟದ, ಅಂದ್ರೆ ಯಕ್ಷಗಾನದ, ಕಾಲಮ್ಮಿನಲ್ಲಿ ಗೆಜ್ಜೆ ಕಟ್ಟಿ ಮೂವತ್ತು ವರ್ಷ ಆಯ್ತು ಅಂತ ಕಲಾವಿದರ ಪರಿಚಯ, ಹೊಸ ಮೇಳ ಕಟ್ಟಿದ ಸುದ್ದಿ, ವರ್ಷ ವರ್ಷ ತಪ್ಪದೆ ಆಡಿಸುವ ಕಟ್ಟುಕಟ್ಟಳೆ ಆಟದ ಪಟ್ಟಿ. ನೇಮದ, ಅಂದ್ರೆ ಭೂತದ ಕೋಲದ, ವರದಿಯಲ್ಲಿ ಬೆನ್ನಿಗೆ ಅಣಿ ಎಂಬ ದೊಡ್ಡ ಅಲಂಕಾರ ಕಟ್ಟುವುದು, ಕಾಲಿಗೆ ಗಗ್ಗರ ಎಂಬ ಕಡಗ ಕಟ್ಟುವುದು. ಗೆಜ್ಜೆ ಕಟ್ಟುವುದಕ್ಕೂ ಗಗ್ಗರ ಕಟ್ಟುವುದಕ್ಕೂ ಇರುವ ದೂರ ಈ ಊರಲ್ಲಿ ಹುಟ್ಟಿದವರಿಗೆ ಹೇಳುವುದು ಬೇಡ. ಎರಡೂ ಕಾಲಿಗೇ ಕಟ್ಟುವುದು, ಆದ್ರೆ ಒಂದು ರಂಗಸ್ಥಳಕ್ಕೆ ಹೋಗ್ತದೆ, ಇನ್ನೊಂದು ಕಟ್ಟಿದ ಮೇಲೆ ಅವನು ದೈವ, ಆ ಮನುಷ್ಯನನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ.

ಮೊದಲ ಪ್ರಯತ್ನ ನಿಘಂಟಿನ ಪ್ರಕಾರ. ಬಿಗಿಯುವುದು, ನಿರ್ಮಾಣ ಮಾಡುವುದು, ಹಣ ತುಂಬುವುದು, ಕಂತೆ, ನಿಯಮ, ಚೌಕಟ್ಟು ಅಂತ ಆರು ಡಬ್ಬಿ, ಏಳನೆಯದಕ್ಕೆ ‘ಇತರೆ’ ಅಂತ ಬರೆದೆವು. ಹದಿನೈದು ದಿವಸದಲ್ಲಿ ಎಲ್ಲಕ್ಕಿಂತ ಹೆಚ್ಚು ತುಂಬಿದ್ದು ಆ ಇತರೆ ಡಬ್ಬಿಯೇ. ಮೋಡ ಕಟ್ಟಿದೆ ಅನ್ನುವ ಹವಾಮಾನದ ಸಾಲು ಎಲ್ಲಿಗೆ ಹೋಗ್ಬೇಕು ಹೇಳಿ? ಮೋಡವನ್ನು ಯಾರೂ ಕಟ್ಟಿಲ್ಲ, ಅದು ತಾನೇ ಕಟ್ಟಿದ್ದು. ಮೂಗು ಕಟ್ಟುವುದು, ಗಂಟಲು ಕಟ್ಟುವುದು, ಗಾಯದಲ್ಲಿ ಕೀವು ಕಟ್ಟುವುದು, ಹಾಲಿಗೆ ಕೆನೆ ಕಟ್ಟುವುದು, ಮಳೆಗಾಲದಲ್ಲಿ ಮೆಟ್ಟಿಲಿಗೆ ಹಾವಸೆ ಕಟ್ಟುವುದು, ಇಷ್ಟಕ್ಕೂ ಕಟ್ಟಿದವರು ಯಾರು ಅಂತ ಕೇಳಿದ್ರೆ ಉತ್ತರ ಇಲ್ಲ. ಇವನ್ನೆಲ್ಲ ಒಟ್ಟಿಗೆ ಹರಡಿ ನೋಡಿದಾಗಲೇ ನನಗೆ ಗೊತ್ತಾದದ್ದು, ಚೆಲ್ಲಾಪಿಲ್ಲಿ ಇದ್ದದ್ದು ಒಂದು ಕಡೆ ಸೇರಿ ನಿಲ್ಲುವುದಕ್ಕೆ, ಹರಿಯುವುದು ನಿಂತು ದಪ್ಪ ಆಗುವುದಕ್ಕೆ ನಾವು ಕಟ್ಟು ಅಂತೇವೆ, ಅಲ್ಲಿ ಹಗ್ಗವೂ ಇಲ್ಲ ಕೈಯೂ ಇಲ್ಲ. ಐವತ್ತು ವರ್ಷ ಮಾತಾಡಿದ ಶಬ್ದ, ಒಮ್ಮೆಯೂ ಹೀಗೆ ಯೋಚಿಸಿರಲಿಲ್ಲ.

ಎರಡನೇ ಪ್ರಯತ್ನ ಹುಡುಗಿಯದ್ದು. ಅರ್ಥ ಬಿಡೋಣ ಸರ್, ಕಟ್ಟುವಿನ ಹಿಂದೆ ಯಾವ ಶಬ್ದ ಐತೆ ಅದರ ಪ್ರಕಾರ ಇಡೋಣ ಅಂದಳು. ಮನೆ, ಹಣ, ಗೆಜ್ಜೆ, ತಾಳಿ, ಬೆಲೆ, ಕತೆ ಹೀಗೆ. ಇದು ಮೊದಲಿನದ್ದಕ್ಕಿಂತ ಎಷ್ಟೋ ವಾಸಿ, ವಿಭಕ್ತಿ ಪ್ರತ್ಯಯ ಎಷ್ಟು ಕೆಲಸ ಮಾಡ್ತದೆ ಅಂತ ಇದರಲ್ಲೇ ಕಂಡದ್ದು. ಕಣ್ಣು ಕಟ್ಟಿದ್ರು ಅಂದ್ರೆ ಮೋಸ, ಕಣ್ಣಿಗೆ ಕಟ್ಟಿದಂತೆ ಹೇಳಿದ್ರು ಅಂದ್ರೆ ಹೊಗಳಿಕೆ, ನಡುವೆ ಇರುವುದು ಒಂದು ‘ಇಗೆ’ ಮಾತ್ರ. ಆದ್ರೆ ಇದೂ ಒಂದು ಕಡೆ ಬಂದು ನಿಂತಿತು. ‘ಬಾಯಿ ಕಟ್ಟಬೇಕು’ ಅಂತ ಎರಡು ಚೀಟಿ, ಅಕ್ಷರಕ್ಕೆ ಅಕ್ಷರ ಒಂದೇ. ಒಂದು ಆರೋಗ್ಯದ ಪುಟದ್ದು, ಸಕ್ಕರೆ ಕಾಯಿಲೆಯವರು ತಿನ್ನುವುದರಲ್ಲಿ ಪಥ್ಯ ಮಾಡ್ಬೇಕು ಅಂತ. ಇನ್ನೊಂದು ಎಲ್ಲಿಯದ್ದು ಅಂತ ಚೀಟಿಯಲ್ಲಿ ಇಲ್ಲ. ಪಥ್ಯವೂ ಆಗಬಹುದು, ಯಾರದ್ದೋ ಮಾತು ನಿಲ್ಲಿಸುವುದೂ ಆಗಬಹುದು. ಸಾಲನ್ನು ಮಾತ್ರ ಬರ್ಕೊಂಡು ಪುಟ, ತಾರೀಕು, ಅಂಕಣ ಏನನ್ನೂ ಬರ್ಕೊಳ್ಳದೇ ಇದ್ದದ್ದು ನಾನು. ಬೇಗ ಮುಗಿಸ್ಬೇಕು ಅನ್ನುವ ಆತುರ. ನಮ್ಮ ಕೆಲಸದ ದೊಡ್ಡ ತಪ್ಪು ಇದೇ, ಮುಂದಿನ ಎಲ್ಲ ಕಷ್ಟ ಇದರಿಂದಲೇ ಬಂದದ್ದು.

ಅದೇ ವಾರ ಇನ್ನೊಂದು ಚೀಟಿ ಸಿಕ್ಕಿತು, ನನ್ನದೇ ಕೈಬರಹ. ‘ಕಟ್ಟದ ಬಳಿ ಗಲಾಟೆ’. ಅಷ್ಟೇ, ಒಂದು ತಲೆಬರಹ.

ಕರಾವಳಿಯಲ್ಲಿ ಕಟ್ಟ ಅಂದ್ರೆ ಎರಡು. ಒಂದು ತೋಡಿಗೆ, ಹೊಳೆಗೆ ಅಡ್ಡ ಕಟ್ಟುವ ತಾತ್ಕಾಲಿಕ ಒಡ್ಡು, ಮಳೆ ನಿಂತು ನೀರಿನ ಸೆಳೆತ ಇಳಿದ ಮೇಲೆ ನವೆಂಬರ್ ಡಿಸೆಂಬರಿಗೆ ಊರಿನವರು ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಸೊಪ್ಪು ಹಾಕಿ ಕಟ್ತಾರೆ, ತೋಟಕ್ಕೂ ಸುಗ್ಗಿ ಬೆಳೆಗೂ ಅದರದ್ದೇ ನೀರು, ಮುಂದಿನ ಮಳೆಗೆ ಕೊಚ್ಚಿಕೊಂಡು ಹೋಗ್ತದೆ. ಇನ್ನೊಂದು ಕೋಳಿ ಅಂಕ, ಅಂದ್ರೆ ಕೋಳಿ ಕಾಳಗ, ತುಳುವಿನಲ್ಲಿ ಕೋರ್ದ ಕಟ್ಟ. ಕೋಳಿಯ ಕಾಲಿಗೆ ಬಾಳು (ಸಣ್ಣ ಕತ್ತಿ) ಕಟ್ಟಿ ಬಿಡುವುದು, ಅದರ ಮೇಲೆ ಪಣ ಕಟ್ಟುವುದು, ಪೊಲೀಸರು ಬರುವುದು, ಓಡುವುದು. ಗಲಾಟೆ ಎರಡರಲ್ಲೂ ಆಗ್ತದೆ. ಮೇಲಿನವರು ನೀರು ಬಿಡ್ಲಿಲ್ಲ ಅಂತ ಕೆಳಗಿನ ಗದ್ದೆಯವರು ಕಟ್ಟ ಒಡೆಯಲಿಕ್ಕೆ ಹೋದ ಜಗಳ ನಮ್ಮ ಹಿರಿಯರ ಬಾಯಲ್ಲಿ ಎಷ್ಟು ಬೇಕು. ಅಂಕದ ಜಗಳವೂ ಅಷ್ಟೇ. ಮಾಷ್ಟ್ರು ನೀರಿನದ್ದು ಅಂದ್ರು, ನಾನು ಕೋಳಿದು ಅಂದೆ, ಹುಡುಗಿಗೆ ಎರಡೂ ಹೊಸತು, ಅವಳು ಮದುವೆ ಮನೆ ಕಟ್ಟೆ ಇರಬಹುದಾ ಅಂತ ಕೇಳಿದಳು. ಅರ್ಧ ದಿವಸ ಅದೇ ಚರ್ಚೆ, ಕೊನೆಗೆ ಮಾಷ್ಟ್ರು ಸ್ವಲ್ಪ ಗಟ್ಟಿ ಸ್ವರದಲ್ಲೇ ಹೇಳಿದ್ರು, “ನೋಡು, ನಾವು ಮೂವರೂ ಊಹೆ ಮಾಡ್ತಾ ಇದ್ದೇವೆ. ಚೀಟಿ ಎಲ್ಲ ಬಿಟ್ಟು ಪುಟಕ್ಕೆ ವಾಪಸ್ ಹೋಗುವ.”

ಮೂರು ಡಬ್ಬಿ ಚೀಟಿ ಬರೆದು ಆಗಿತ್ತು. ಮೊದಲಿನಿಂದ ಶುರು ಮಾಡುವುದು ಅಂದ್ರೆ ಮತ್ತೆ ಆ ಹಪ್ಪಳದಂಥ ಪುಟಗಳನ್ನು ಬಿಡಿಸ್ಬೇಕು, ಎರಡನೇ ಸಲ ಮುಟ್ಟಿದ್ರೆ ಎಷ್ಟು ಉಳೀತದೋ ಗೊತ್ತಿಲ್ಲ. ಎರಡು ದಿವಸ ಯೋಚನೆ ಮಾಡಿ ಒಪ್ಪಿದೆ. ಈ ಸಲ ಮೊಬೈಲಲ್ಲಿ ಪೂರ್ತಿ ಪುಟದ ಫೋಟೋ ತೆಗೆದು, ಅದರ ಮೇಲೆ ಚೀಟಿ ಮಾಡುವುದು. ಪ್ರತಿ ಚೀಟಿಗೆ ತಾರೀಕು, ಪುಟ, ಯಾವ ಅಂಕಣ, ಮೇಲಿನ ಒಂದು ಸಾಲು ಕೆಳಗಿನ ಒಂದು ಸಾಲು. ಇನ್ನೊಂದು ನಿಯಮ ಹುಡುಗಿ ಸೇರಿಸಿದಳು, ಕಸುಬಿನ ಶಬ್ದ ಬಂದ್ರೆ ಆ ಕಸುಬಿನವರಿಗೆ ಓದಿ ಹೇಳದೆ ಡಬ್ಬಿಗೆ ಹಾಕಬಾರದು.

ಈ ಕೊನೆಯ ನಿಯಮಕ್ಕೆ ಕಾರಣ ಎರಡು ಚೀಟಿ. ಒಂದು 50ರ ದಶಕದ ಓದುಗರ ಪತ್ರ, ‘ನಮ್ಮದು ಮಕ್ಕಳಕಟ್ಟು, ಅವರದು ಅಳಿಯಕಟ್ಟು’ ಅಂತ ಇತ್ತು. ಹುಡುಗಿ ಅದನ್ನು ಕಂತೆ ಅನ್ನುವ ಡಬ್ಬಿಗೆ ಹಾಕಿದ್ದಳು. ಅವಳ ತಪ್ಪಲ್ಲ, ಘಟ್ಟದ ಮೇಲಿನವರಿಗೆ ಇದು ಗೊತ್ತಿರಲಿಕ್ಕೆ ದಾರಿಯೇ ಇಲ್ಲ. ಆಸ್ತಿ ಮಕ್ಕಳಿಗೆ ಹೋಗುವ ಪದ್ಧತಿ ಮಕ್ಕಳಕಟ್ಟು, ತಾಯಿಯ ವಂಶದಲ್ಲಿ ಅಕ್ಕತಂಗಿಯ ಮಕ್ಕಳಿಗೆ ಹೋಗುವುದು ಅಳಿಯಕಟ್ಟು, ಕಾನೂನಿನ ಭಾಷೆಯಲ್ಲಿ ಅಳಿಯಸಂತಾನ. ನಮ್ಮ ಜಿಲ್ಲೆ ಮದ್ರಾಸಿನಲ್ಲಿ ಇದ್ದಾಗ 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು, ಕುಟುಂಬದ ಪಾಲು ಕೇಳುವ ದಾರಿ ತೆರೆಯಿತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ನಮ್ಮ ಕಂತೆಯಲ್ಲಿ ಆ ವರ್ಷಗಳ ಸಂಚಿಕೆಗಳಲ್ಲಿ ‘ಕಟ್ಟು’ ಅಂದ್ರೆ ಅರ್ಧಕ್ಕರ್ಧ ಪಾಲುಪಟ್ಟಿ, ಕೋರ್ಟು, ಯಜಮಾನಿಕೆಯ ಮಾತು. ಮಾಷ್ಟ್ರು ಆ ಪತ್ರವನ್ನು ಹುಡುಗಿಗೆ ವಿವರಿಸುವಾಗ ಅವರ ಮನೆಯ ಪಾಲಿನ ಕತೆಯನ್ನೂ ಹೇಳಿದ್ರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ, ಆದ್ರೆ ಆ ಒಂದು ಶಬ್ದದಲ್ಲಿ ಎಷ್ಟು ಮನೆಗಳ ಕಣ್ಣೀರು ಉಂಟು ಅಂತ ಅವತ್ತು ನಾವಿಬ್ಬರೂ ಮಾತಿಲ್ಲದೆ ಕೂತಿದ್ದೆವು.

ಎರಡನೇ ಚೀಟಿಯಲ್ಲಿ ತಪ್ಪಿದ್ದು ನಾವು ಕರಾವಳಿಯವರು. ಮಹಿಳಾ ಪುಟದ ಅಡುಗೆ, ‘ಕಟ್ಟನ್ನು ಬಸಿದು ಇಟ್ಟುಕೊಳ್ಳಿ’. ಮಾಷ್ಟ್ರು ಇದು ಅಚ್ಚಿನ ತಪ್ಪು, ಗಟ್ಟಿ ಅಂತ ಇರಬೇಕು ಅಂತ ಬರೆದೇ ಬಿಟ್ಟಿದ್ರು. ಹುಡುಗಿ ನೋಡಿ, “ಅಯ್ಯೋ ಸರ್, ಇದು ಹೋಳಿಗೆಗೆ ಬೇಳೆ ಬೇಯಿಸ್ತೀವಲ್ಲ, ಬಸಿದ ನೀರು, ಅದೇ ಕಟ್ಟು. ಅದರಲ್ಲೇ ಸಾರು ಮಾಡೋದು, ಹಬ್ಬದ ದಿನ ಹೋಳಿಗೆಗಿಂತ ನಮಗೆ ಆ ಕಟ್ಟಿನ ಸಾರೇ ಬೇಕು” ಅಂದಳು. ನಮ್ಮ ಮನೆಗಳಲ್ಲಿ ಅದಕ್ಕೆ ತಿಳಿ ಅಂತಲೋ ಬೇಳೆ ನೀರು ಅಂತಲೋ ಹೇಳಿ ಬಿಡ್ತೇವೆ. ಸರಿಯಾಗಿ ಅಚ್ಚಾದ ಸಾಲನ್ನು ನಮಗೆ ಗೊತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ತಿದ್ದಲಿಕ್ಕೆ ಹೊರಟಿದ್ದೆವು. ಹಳೇ ಪತ್ರಿಕೆ ಓದುವವರು ಇದೊಂದನ್ನು ದಯವಿಟ್ಟು ಗಮನಿಸಿ, ಪೆನ್ನು ಹಿಡಿದು ತಿದ್ದುವ ಮೊದಲು ಬೇರೆ ಊರಿನ ಒಬ್ಬರಿಗೆ ತೋರಿಸಿ.

ಆಮೇಲೆ ಚೀಟಿ ಹಿಡ್ಕೊಂಡು ಮನೆ ಮನೆಗೆ ಹೋದದ್ದು. ಬೀಡಿಯ ಸುದ್ದಿಗಳು ನಮ್ಮಲ್ಲಿ ತುಂಬಾ ಇದ್ವು, 1966ರ ಬೀಡಿ ಕಾರ್ಮಿಕರ ಕಾನೂನು, ಸಾವಿರಕ್ಕೆ ಇಷ್ಟು ಮಜೂರಿ ಅನ್ನುವ ಜಗಳ. ಹುಡುಗಿ ಒಂದು ವಿಷಯ ಗುರುತಿಸಿದ್ದಳು, ಕಂತೆಯಲ್ಲಿ ನಡುವೆ ಸೇರಿದ್ದ ಬೆಂಗಳೂರಿನ ಸಂಚಿಕೆಗಳಲ್ಲಿ ‘ಬೀಡಿ ಸುತ್ತುವವರು’ ಅಂತ ಉಂಟು, ಕರಾವಳಿಯವುಗಳಲ್ಲಿ ‘ಬೀಡಿ ಕಟ್ಟುವವರು’. ಯಾಕೆ ಅಂತ ನಮ್ಮ ಹತ್ತಿರದ ಮನೆಯ ಒಬ್ಬ ಅಕ್ಕನನ್ನು ಕೇಳಿದೆವು, ಸಣ್ಣ ಪ್ರಾಯದಿಂದ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದವರು. ಅವರು ಬಾಯಲ್ಲಿ ಹೇಳಲಿಲ್ಲ, ಮಡಿಲಿನ ತಡ್ಪೆಯಿಂದ (ಮೊರದಿಂದ) ಒಂದು ಎಲೆ ತೆಗೆದು ಹೊಗೆಸೊಪ್ಪು ಹಾಕಿ ಸುತ್ತಿ ನನ್ನ ಕೈಗೆ ಕೊಟ್ಟರು, ನಾನು ಹಿಡಿಯುವಾಗಲೇ ಅದು ಬಿಚ್ಚಿ ಸೊಪ್ಪು ಚೆಲ್ಲಿತು. ಇನ್ನೊಂದು ಸುತ್ತಿ, ತುದಿ ಮಡಚಿ, ನೂಲು ಎರಡು ಸುತ್ತು ಎಳೆದು ಕೊಟ್ಟರು. “ಈಗ ಇದು ಬೀಡಿ. ಆಗಿನದ್ದು ಎಲೆ ಮಾತ್ರ. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಸುತ್ತಿದ್ದಕ್ಕೆ ದುಡ್ಡು ಕೊಡುವುದಿಲ್ಲ ಅಣ್ಣ, ಕಟ್ಟಿದ್ದಕ್ಕೆ ಕೊಡುವುದು.” ಮತ್ತೆ ಅವರೇ ಹೇಳಿದ್ದು, ಇಪ್ಪತ್ತೈದು ಬೀಡಿ ಸೇರಿಸಿದ್ರೆ ಅದಕ್ಕೂ ಕಟ್ಟು ಅಂತಲೇ ಹೆಸರು. ‘ದಿನಕ್ಕೆ ಇಷ್ಟು ಕಟ್ಟು’ ಅಂತ ಇದ್ದ ಮೂರು ಚೀಟಿಯನ್ನು ನಾವು ಕ್ರಿಯಾಪದ ಅಂತ ಇಟ್ಟಿದ್ದೆವು, ಅವು ಅಳತೆಯ ಶಬ್ದ ಅಂತ ಅಲ್ಲಿಗೆ ಗೊತ್ತಾಯ್ತು.

ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ನೆನಪಿರುವುದು ಪ್ರೆಸ್ಸಿನ ಅಜ್ಜ. ಅಚ್ಚಿನ ಮೊಳೆ, ಅಂದ್ರೆ ಸೀಸದ ಅಕ್ಷರ, ಜೋಡಿಸುವ ಕೆಲಸ ಮಾಡಿದವರು, ಈಗ ಕಣ್ಣು ಸ್ವಲ್ಪ ಮಂಜು. ‘ಪುಟ ಕಟ್ಟುವ ವೇಳೆಗೆ ಬಂದ ಸುದ್ದಿ’ ಅಂತ ಹಲವು ಸಂಚಿಕೆಯಲ್ಲಿ ಒಂದು ಸಣ್ಣ ಚೌಕ ಬರ್ತಿತ್ತು. ಪುಟ ಕಟ್ಟುವುದು ಅಂದ್ರೆ ಈಗಿನವರು ಪುಟ ವಿನ್ಯಾಸ ಅಂತ ತಿಳ್ಕೊಳ್ತಾರೆ, ನಾವೂ ನಿರ್ಮಾಣದ ಡಬ್ಬಿಗೆ ಹಾಕಿದ್ದೆವು, ಮನೆ ಕಟ್ಟಿದ ಹಾಗೆ ಪುಟ ಕಟ್ಟುವುದು ಅಂತ. ಅಜ್ಜ ಕೇಳಿ ತಲೆ ಅಲ್ಲಾಡಿಸಿ ಒಳಗಿಂದ ಒಂದು ಬೆಂಕಿಪೊಟ್ಟಣಗಳ ಕಂತೆ ತಂದ್ರು, ಮೇಜಿನ ಮೇಲೆ ಒತ್ತಾಗಿ ಚೌಕ ಜೋಡಿಸಿ, ದಪ್ಪ ನೂಲು ಒಂದು ಮೂಲೆಯಿಂದ ಶುರು ಮಾಡಿ ಸುತ್ತಲೂ ನಾಲ್ಕೈದು ಸುತ್ತು ಬಿಗಿಯಾಗಿ ಎಳೆದು, ಕೊನೆಯ ತುದಿಯನ್ನು ಗಂಟು ಹಾಕದೆ ಮೂಲೆಯಲ್ಲಿ ಸುತ್ತುಗಳ ಕೆಳಗೆ ಉಗುರಿನಿಂದ ತುರುಕಿದ್ರು. ಆಮೇಲೆ ಇಡೀ ಚೌಕವನ್ನು ಎರಡು ಕೈಯಲ್ಲಿ ಎತ್ತಿ ತೋರಿಸಿದ್ರು, ಒಂದು ಪೊಟ್ಟಣವೂ ಕೆಳಗೆ ಬೀಳಲಿಲ್ಲ. “ಗಂಟು ಹಾಕಬಾರದು ಮಗಾ. ಚೌಕಟ್ಟಿನೊಳಗೆ ಕೂರಿಸಿ ಬಿಗಿಯುವ ಮೊದಲು ತುದಿ ಹಿಡಿದು ಎಳೆದರೆ ನೂಲು ಬಂದು ಬಿಡ್ಬೇಕು. ಕಟ್ಟು ಸಡಿಲ ಆದರೆ ಒಂದು ದಿವಸದ ಅಕ್ಷರ ಎಲ್ಲ ನೆಲಕ್ಕೆ.” ಅಂದ್ರೆ ನಾವು ಓದ್ತಿದ್ದ ಒಂದೊಂದು ಪುಟವೂ ಅಚ್ಚಾಗುವ ಮೊದಲು ನಿಜವಾಗಿ ನೂಲಿನಿಂದ ಕಟ್ಟಿದ ಪುಟ. ಆ ಚೀಟಿಗಳನ್ನೆಲ್ಲ ಅವತ್ತೇ ನಿರ್ಮಾಣದಿಂದ ತೆಗೆದು ಬಿಗಿಯುವುದಕ್ಕೆ ಸೇರಿಸಿದೆವು. ಆಫ್‌ಸೆಟ್ ಬಂದು ನೂಲು ಹೋಯ್ತು, ಕಂಪ್ಯೂಟರಲ್ಲಿ ಕೂತ ಹುಡುಗರೂ ಪುಟ ಕಟ್ತೇವೆ ಅಂತಲೇ ಹೇಳ್ತಾರೆ, ಅವರಲ್ಲಿ ಎಷ್ಟು ಜನ ಆ ನೂಲನ್ನು ನೋಡಿದ್ದಾರೋ.

ಕೊನೆಗೆ ಡಬ್ಬಿಗಳ ರೂಪವೇ ಬದಲಾಯ್ತು. ಅರ್ಥದ ಹೆಸರು ತೆಗೆದು ಹಾಕಿ, ಪುಟದ ಜಾಗದ ಹೆಸರು ಬರೆದೆವು. ಕೋರ್ಟು ಮತ್ತು ಆಸ್ತಿ, ಕೃಷಿ ಮತ್ತು ನೀರು, ಆಟ ಮತ್ತು ನೇಮ, ಮಜೂರಿ, ಅಡುಗೆ, ಆರೋಗ್ಯ, ಜಾಹೀರಾತು, ರಾಜಕೀಯ. ಅದರೊಳಗೆ ಹಿಂದಿನ ಶಬ್ದದ ಪ್ರಕಾರ. ‘ಇತರೆ’ ಡಬ್ಬಿ ಖಾಲಿ ಆಯ್ತು ಅಂತ ಹೇಳುವುದಿಲ್ಲ, ಆದ್ರೆ ಅದರಲ್ಲಿ ಈಗ ಒಂದು ಹಿಡಿ ಚೀಟಿ ಮಾತ್ರ. ಅಣೆಕಟ್ಟು, ಕಿಂಡಿ ಅಣೆಕಟ್ಟು, ಕಟ್ಟೆ, ಕಟ್ಟಡ, ಕಟ್ಟಳೆ ಇವನ್ನು ಸೇರಿಸ್ಬೇಕಾ ಬೇಡ್ವಾ ಅಂತ ಜಗಳ ಆಗಿ ಸೇರಿಸಿದೆವು, ಕಟ್ಟಿಗೆಯನ್ನು ಹೊರಗಿಟ್ಟೆವು, ಅದು ಸಂಸ್ಕೃತದ ಕಾಷ್ಠದಿಂದ ಬಂದದ್ದು ಅಂತ ಹೇಳುವವರಿದ್ದಾರೆ. ಹೀಗೆ ಇಟ್ಟದ್ದರಿಂದ ಒಂದು ಲಾಭ ಆಯ್ತು, ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ತಾರೀಕಿನ ಪ್ರಕಾರ ಜೋಡಿಸಿದಾಗ ಊರು ಎಂತ ಕೆಲಸದಲ್ಲಿ ಇತ್ತು ಅಂತ ಕಾಣ್ತದೆ. ನಮ್ಮ ಕಂತೆಯಲ್ಲಿ ಅಳಿಯಕಟ್ಟು ಮೆಲ್ಲ ಮೆಲ್ಲ ಕಡಿಮೆ ಆಗ್ತಾ ಬಂದು ಬೀಡಿ ಕಟ್ಟುವುದು ಹೆಚ್ಚಾಗ್ತದೆ, ಬೈಹುಲ್ಲಿನಲ್ಲಿ ಅಕ್ಕಿ ಮುಡಿ ಕಟ್ಟಿದ ಮಾತು 70ರ ನಂತರದ ಸಂಚಿಕೆಗಳಲ್ಲಿ ಅಪರೂಪ, ಫೀಸು ಕಟ್ಟುವುದು ಪ್ರತಿ ಜೂನಿಗೆ. ಒಂದು ಮನೆಯಲ್ಲಿ ಉಳಿದ ಏಳು ಕಟ್ಟಿನಿಂದ ಇಡೀ ಜಿಲ್ಲೆಯ ಚರಿತ್ರೆ ಹೇಳಲಿಕ್ಕೆ ಬರುವುದಿಲ್ಲ, ಅದು ನಮಗೆ ಗೊತ್ತುಂಟು, ಆದ್ರೆ ಹುಡುಕ್ಬೇಕಾದ ದಿಕ್ಕು ಸಿಕ್ತದೆ.

ಇನ್ನು ಆ ‘ಕಟ್ಟದ ಬಳಿ ಗಲಾಟೆ’. ಎರಡನೇ ಸುತ್ತಿನಲ್ಲಿ ಆ ಪುಟ ಸಿಕ್ಕಿತು, ಜನವರಿಯ ಒಂದು ಸಂಚಿಕೆ. ತಲೆಬರಹ, ಅದರ ಕೆಳಗೆ ಒಂದು ಸಾಲು, ‘ನಿನ್ನೆ ಸಂಜೆ ಇಲ್ಲಿನ’ ಅನ್ನುವವರೆಗೆ, ಮುಂದಿನದ್ದು ಒರಲೆ ತಿಂದಾಗಿದೆ. ಜನವರಿಗೆ ನೀರಿನ ಕಟ್ಟವೂ ಇರ್ತದೆ, ಕೊಯ್ಲು ಮುಗಿದ ಗದ್ದೆಯಲ್ಲಿ ಅಂಕವೂ ಆಗ್ತದೆ. ಮಾಷ್ಟ್ರು ಆ ಚೀಟಿ ಹಿಡ್ಕೊಂಡು ತೋಡಿನ ಬದಿಯ ಒಬ್ಬ ಹಿರಿಯ ಕೃಷಿಕರ ಹತ್ತಿರ ಹೋದ್ರು. ಅವರು ಎರಡು ಸಲ ಓದಿಸಿ ಕೇಳಿ ಹೇಳಿದ್ದು, “ಕೋಳಿದ್ದು ಆದರೆ ಕಟ್ಟದಲ್ಲಿ ಗಲಾಟೆ ಅಂತೇವೆ ಮಾಷ್ಟ್ರೇ, ಅದು ನಡೆಯುವ ಸಂಗತಿ. ಬಳಿ ಅಂತ ಬರೆದರೆ ಅಲ್ಲೊಂದು ಕಟ್ಟ ಇರಬೇಕು, ನೀರಿನದ್ದು.” ಹುಡುಗಿ ಫೋಟೋಗಳಲ್ಲಿ ಹುಡುಕಿದಳು. ಅಂಕದ ಸುದ್ದಿ ಸಿಕ್ಕಿದ ಕಡೆಯಲ್ಲೆಲ್ಲ ‘ಅಂಕದಲ್ಲಿ’, ‘ಕೋಳಿಕಟ್ಟದಲ್ಲಿ’ ಅಂತಲೇ ಉಂಟು, ‘ಬಳಿ’ ಒಂದು ಕಡೆಯೂ ಇಲ್ಲ. ನೀರಿನದ್ದಕ್ಕೆ ಎರಡು ಕಡೆ ‘ಕಟ್ಟದ 
ಬಳಿ’ ಇತ್ತು. ಚೀಟಿಯನ್ನು ಕೃಷಿ ಮತ್ತು ನೀರಿನ ಡಬ್ಬಿಗೆ ಹಾಕಿದೆವು, ಪೆನ್ಸಿಲಿನಲ್ಲಿ. ಆ ವಾರದ ಇನ್ನೊಂದು ಪ್ರತಿ ಯಾರದ್ದಾದರೂ ಅಟ್ಟದಲ್ಲಿ ಸಿಕ್ಕಿದ ದಿವಸ ಮಾಷ್ಟ್ರೇ ಅದಕ್ಕೆ ಪೆನ್ನು ಮುಟ್ಟಿಸ್ತಾರೆ.